ಕುಕ್ಕರಿನ ಯಾವ ಭಾಗಕ್ಕೆ ಯಾವ ವಸ್ತು

ಯಂತ್ರವನ್ನಾಗಲಿ ಪಾತ್ರೆಯನ್ನಾಗಲಿ ವಿನ್ಯಾಸಗೊಳಿಸುವ ಎಂಜಿನಿಯರು ಸಾವಿರಾರು ಲೋಹ, ಪ್ಲಾಸ್ಟಿಕ್, ರಬ್ಬರ್, ಪಿಂಗಾಣಿಗಳ ನಡುವೆ ಒಂದನ್ನು ಆರಿಸಿಕೊಳ್ಳುವಾಗ, ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಭಾಗ ಮಾಡಬೇಕಾದ ಕೆಲಸವೇನು, ಅದು ಮೀರಬಾರದ ಷರತ್ತುಗಳಾವುವು, ತೂಕ ಮತ್ತು ಬೆಲೆಗಳಲ್ಲಿ ಯಾವುದನ್ನು ಮೊದಲು ತಗ್ಗಿಸಬೇಕು ಎಂದು ಕೇಳುತ್ತ ಹೋದಂತೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈಕೆಲ್ ಆಶ್ಬಿ ಈ ಪ್ರಶ್ನೆಗಳನ್ನು ಕ್ರಮಕ್ಕೆ ತಂದು, ಎರಡೆರಡು ಗುಣಗಳನ್ನು ನಕ್ಷೆಯ ಎರಡು ಅಕ್ಷಗಳಲ್ಲಿಟ್ಟು ಎಲ್ಲ ಬಗೆಯ ವಸ್ತುಗಳನ್ನೂ ಒಂದೇ ಹಾಳೆಯ ಮೇಲೆ ಹೋಲಿಸುವ ವಿಧಾನವನ್ನು 1992ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಆ ವಿಧಾನದ ತಿರುಳು ದಿನವೂ ಕೂಗುವ ಪ್ರೆಷರ್ ಕುಕ್ಕರಿನಲ್ಲಿಯೇ ಕಾಣಸಿಗುತ್ತದೆ.

ಕುಕ್ಕರಿನೊಳಗಿನ ಹಬೆಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಮಿನಷ್ಟು ಹೆಚ್ಚಿರುವುದರಿಂದ ನೀರು 120 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕುದಿಯುತ್ತದೆ, ಬೇಳೆ ಬೇಗ ಬೇಯುತ್ತದೆ. ಇದೇ ಒತ್ತಡ 20 ಸೆಂಟಿಮೀಟರ್ ವ್ಯಾಸದ ಮುಚ್ಚಳವನ್ನು 300 ಕಿಲೋಗ್ರಾಮಿಗೂ ಮಿಕ್ಕಿದ ಭಾರದಷ್ಟು ಬಲದಿಂದ ಮೇಲಕ್ಕೆ ನೂಕುತ್ತಿರುತ್ತದೆ. ಆದರೂ 3 ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ಹುಟ್ಟುವ ಸೆಳೆತ ಸುಮಾರು 3 ಮೆಗಾಪಾಸ್ಕಲ್ ಮಾತ್ರ; ಮೆತ್ತನೆಯ ಅಲ್ಯೂಮಿನಿಯಮ್ ಮಿಶ್ರಲೋಹ ಕೂಡ ಇದರ ಹತ್ತುಪಟ್ಟನ್ನು ತಾಳಬಲ್ಲದು. ಹೀಗಾಗಿ ಗೋಡೆಗೆ ಎಷ್ಟು ಬಲವಿದೆ ಎನ್ನುವುದಕ್ಕಿಂತ, ಅದು ಸೋಲುವುದಾದರೆ ಹೇಗೆ ಸೋಲುತ್ತದೆ ಎಂಬುದೇ ಇಲ್ಲಿ ಮುಖ್ಯವಾಗುತ್ತದೆ. ಎರಕದ ಕಬ್ಬಿಣ ಪೆಡಸು, ಅಂದರೆ ಬಾಗದೆ ಥಟ್ಟನೆ ಬಿರಿಯುವಂಥದು. ಅಲ್ಯೂಮಿನಿಯಮ್ ಮತ್ತು ಉಕ್ಕಿನ ತಗಡುಗಳಾದರೋ ಮೊದಲು ಉಬ್ಬಿ ಎಚ್ಚರಿಸುತ್ತವೆ.

ಬಲದ ಪ್ರಶ್ನೆ ಹೀಗೆ ಸುಲಭವಾಗಿ ಬಗೆಹರಿದ ಮೇಲೆ ಕಾವಿನ ಪ್ರಶ್ನೆ ಏಳುತ್ತದೆ. ಕಾವನ್ನು ತನ್ನೊಳಗೆ ಹಾಯಗೊಡುವ ಗುಣಕ್ಕೆ ಉಷ್ಣವಾಹಕತೆ ಎಂದು ಹೆಸರು. ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ವಾಟ್‌ಗಳಲ್ಲಿ ಅಳೆದರೆ ಶುದ್ಧ ಅಲ್ಯೂಮಿನಿಯಮಿನದು ಸುಮಾರು 237, ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 16. ಬರಿಯ ಸ್ಟೀಲಿನ ತಳದಲ್ಲಿ ಉರಿ ತಾಗಿದ ಜಾಗವಷ್ಟೇ ವಿಪರೀತ ಕಾದು ಅನ್ನ ತಳ ಹಿಡಿಯುವುದು ಇದರಿಂದಲೇ. ಹಾಗೆಂದು ಅಲ್ಯೂಮಿನಿಯಮ್ ಗೆದ್ದಿತೆನ್ನುವಂತಿಲ್ಲ: ಅದನ್ನು ಕಾಯುವುದು ಮೇಲ್ಮೈಯಲ್ಲಿರುವ ಅತಿ ತೆಳುವಾದ ಆಕ್ಸೈಡ್ ಪೊರೆ, ಆ ಪೊರೆಯನ್ನು ಹುಣಸೆಹುಳಿಯೂ ಅಡುಗೆ ಸೋಡವೂ ಕರಗಿಸುತ್ತವೆ. ವಿದ್ಯುತ್ತಿನ ನೆರವಿನಿಂದ ಅದೇ ಪೊರೆಯನ್ನು ದಪ್ಪಗೊಳಿಸುವ ಆನೊಡೈಸಿಂಗ್ ಇದಕ್ಕೊಂದು ಪರಿಹಾರ. ಹಿಂದಿನ ತಲೆಮಾರಿನ ಅಡುಗೆಮನೆಗಳಿಗೂ ಈ ತೊಡಕು ಹೊಸದೇನಲ್ಲ. ತಾಮ್ರ, ಹಿತ್ತಾಳೆಗಳು ಕಾವನ್ನು ಚೆನ್ನಾಗಿ ಹರಡಿದರೂ ಹುಳಿಗೆ ಕಿಲುಬುತ್ತಿದ್ದುದರಿಂದ ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದರು, ತವರ 232 ಡಿಗ್ರಿಗೇ ಕರಗುವುದರಿಂದ ಬರಿದಾದ ಪಾತ್ರೆಯನ್ನು ಒಲೆಯ ಮೇಲೆ ಬಿಡುತ್ತಿರಲಿಲ್ಲ. ಒಂದು ಲೋಹಕ್ಕೆ ಸಾಧ್ಯವಾಗದ್ದನ್ನು ಎರಡು ಲೋಹಗಳಿಗೆ ಹಂಚಿಕೊಟ್ಟ ಆ ಕಸುಬುದಾರರ ತಿಳಿವಳಿಕೆ ನಿಜಕ್ಕೂ ದೊಡ್ಡದು.

ಹಿಡಿಗೆ ಬೇಕಾದದ್ದು ಕಾವನ್ನು ಹರಡುವುದಕ್ಕೆ ತದ್ವಿರುದ್ಧವಾದ ಗುಣ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಕಾವನ್ನು ಬಲು ಕಡಿಮೆ ಸಾಗಿಸುತ್ತದೆ, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಗ್ಯಾಸ್ಕೆಟ್ಟಿನ ಕೆಲಸ ಲೋಹದ ಅಂಚುಗಳ ಸಣ್ಣ ಏರುತಗ್ಗುಗಳಿಗೆ ಒತ್ತಿ ಕೂರುವುದಾದ್ದರಿಂದ ಅದು ಮೆತ್ತಗಿರಲೇಬೇಕು. ಕಾವಿಗೂ ಎಣ್ಣೆಗೂ ಬೇಗ ಹಾಳಾಗುವ ಸಹಜ ರಬ್ಬರಿನ ಬದಲು ಅಲ್ಲಿ ನೈಟ್ರೈಲ್ ಅಥವಾ ಸಿಲಿಕೋನ್ ರಬ್ಬರನ್ನು ಬಳಸುತ್ತಾರೆ. ಎಲ್ಲಕ್ಕಿಂತ ಗಮನಾರ್ಹವಾದದ್ದು ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್. ಅದರ ನಡುವಿನ ಬಟಾಣಿಗಿಂತ ಚಿಕ್ಕದಾದ ಲೋಹದ ತುಣುಕನ್ನು ಆರಿಸಿರುವುದೇ ಸಕಾಲದಲ್ಲಿ ಸೋಲಲೆಂದು: ತವರ ಮತ್ತು ಬಿಸ್ಮತ್ ತಕ್ಕ ಪ್ರಮಾಣದಲ್ಲಿ ಬೆರೆತ ಮಿಶ್ರಲೋಹವು ಸುಮಾರು 139 ಡಿಗ್ರಿಗೆ ಕರಗುತ್ತದೆ, ವೆಯ್ಟಿನ ರಂಧ್ರ ಕಟ್ಟಿಕೊಂಡು ಅಥವಾ ನೀರು ಬತ್ತಿ ಕಾವು ಮಿತಿಮೀರಿದಾಗ ಇಂಥ ತುಣುಕು ಕರಗಿ ಹಬೆಗೆ ದಾರಿ ಬಿಡುವುದರಿಂದ ಪಾತ್ರೆಯೂ ಪಕ್ಕದಲ್ಲಿ ನಿಂತವರೂ ಉಳಿಯುತ್ತಾರೆ.

ಇಂಡಕ್ಷನ್ ಒಲೆ ಬಂದ ಮೇಲೆ ತಳದ ಲೆಕ್ಕಾಚಾರವನ್ನು ಹೊಸದಾಗಿ ಮಾಡಬೇಕಾಯಿತು. ಈ ಒಲೆ ಪಾತ್ರೆಯ ಲೋಹದಲ್ಲಿಯೇ ವಿದ್ಯುತ್ ಸುಳಿಗಳನ್ನು ಎಬ್ಬಿಸಿ ಅದನ್ನು ಕಾಯಿಸುವುದರಿಂದ ಅಯಸ್ಕಾಂತ ಅಂಟುವ ಉಕ್ಕೇ ಇದಕ್ಕೆ ಒಗ್ಗುತ್ತದೆ, ಬರಿಯ ಅಲ್ಯೂಮಿನಿಯಮ್ ಕಾಯುವುದಿಲ್ಲ. ಆದ್ದರಿಂದ ಹುಳಿಗೆ ಜಗ್ಗದ ಸ್ಟೀಲು ಒಳಗೆ, ಕಾವು ಹರಡುವ ಅಲ್ಯೂಮಿನಿಯಮ್ ನಡುವೆ, ಅಯಸ್ಕಾಂತಕ್ಕೆ ಅಂಟುವ ಉಕ್ಕು ಹೊರಗೆ ಹೀಗೆ ಮೂರು ಪದರಗಳ ತಳ ರೂಪುಗೊಂಡಿತು. ಆದರೆ 100 ಡಿಗ್ರಿ ಕಾದಾಗ ಮೀಟರ್ ಉದ್ದದ ಅಲ್ಯೂಮಿನಿಯಮ್ 2.3 ಮಿಲಿಮೀಟರ್ ಹಿಗ್ಗಿದರೆ ಹೊರಪದರದ ಉಕ್ಕು 1 ಮಿಲಿಮೀಟರಿಗಿಂತ ತುಸುವಷ್ಟೇ ಹೆಚ್ಚು ಹಿಗ್ಗುತ್ತದೆ. ಅಡುಗೆಯ ಪ್ರತಿ ಹೊತ್ತಿನಲ್ಲಿಯೂ ಪದರಗಳು ಒಂದನ್ನೊಂದು ಎಳೆದಾಡುತ್ತವೆ, ಬೆಸುಗೆ ಸರಿಯಿಲ್ಲದಿದ್ದರೆ ತಳ ಉಬ್ಬುತ್ತದೆ, ಉಬ್ಬಿದ ಕುಕ್ಕರ್ ಒಲೆಯ ಗಾಜಿನ ಮೇಲೆ ಸಮನಾಗಿ ಕೂರದೆ ಅಲುಗಾಡುತ್ತದೆ.