ಟೆನ್ಶನ್ ಎಂಬ ಶಬ್ದ

ಅತಿಥಿಯಂತೆ ಬಂದು ಮನೆಯೊಡೆಯನಂತೆ ಕುಳಿತ ಶಬ್ದಗಳಲ್ಲಿ ‘ಟೆನ್ಶನ್’ ಎಂಬುದೊಂದು. ವಿಜಯಪುರದ ಪೇಟೆಯಿಂದ ತಿಕೋಟಾ, ಬಬಲೇಶ್ವರಗಳವರೆಗೆ ಇದನ್ನಾಡದ ಬಾಯಿಯೇ ವಿರಳ. ಪರೀಕ್ಷೆಗೆ ಕೂಡ್ರುವ ಹುಡುಗನಿಗೂ ಟೆನ್ಶನ್, ಮಗಳ ಲಗ್ನ ಗೊತ್ತುಮಾಡಿದ ತಂದೆಗೂ ಟೆನ್ಶನ್, ಇಬ್ಬರಿಗೂ ಸಮಾಧಾನ ಒಂದೇ: “ಟೆನ್ಶನ್ ತಗೋಬ್ಯಾಡ್ರಿ!”

ಮೂಲದಲ್ಲಿ ಈ ಶಬ್ದಕ್ಕೆ ಮನಸ್ಸಿನ ಗೊಡವೆಯೇ ಇರಲಿಲ್ಲ. ಎಳೆದು ಚಾಚುವದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಇದು ಹುಟ್ಟಿತು. ಎಳೆದು ಕಟ್ಟಿದ ತಂತಿಯ ಬಿಗುವೇ ಟೆನ್ಶನ್. ತಿಕೋಟಾ ಸೀಮೆಯ ದ್ರಾಕ್ಷಿಯ ತೋಟಗಳಲ್ಲಿ ಕಂಬದಿಂದ ಕಂಬಕ್ಕೆ ಬಿಗಿದ ತಂತಿಗಳನ್ನು ವಾಚಕರು ಕಂಡಿರಬಹುದು. ಅವು ಸಡಿಲಾದರೆ ಗೊಂಚಲಿನ ಭಾರಕ್ಕೆ ಬಳ್ಳಿ ಜೋತುಬೀಳುವದು. ಅಲ್ಲಿ ಟೆನ್ಶನ್ ಇಲ್ಲದಿದ್ದರೇ ಹಾನಿ!

ಪತ್ರಿಕೆಗಳವರು ಇದನ್ನು ‘ಒತ್ತಡ’ವೆನ್ನುತ್ತಾರೆ. ಕಟ್ಟಡ ಕಟ್ಟುವವರು ಇದನ್ನೊಪ್ಪರು; ಒತ್ತುವದು ಬೇರೆ, ಸೆಳೆಯುವದು ಬೇರೆ. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಾಹನ ಸಮಾಧಿಯಾದ ಗೋಲಗುಮ್ಮಟವನ್ನೇ ನೋಡಿರಿ. ಸುಮಾರು 44 ಮೀಟರು ಹೊರವ್ಯಾಸದ ಆ ಗುಮ್ಮಟದ ಬುಡವು ಹೊರಕ್ಕೆ ಹಿಗ್ಗಲು ಹವಣಿಸುತ್ತದೆ. ಇಟ್ಟಿಗೆ ಗಾರೆಗಳು ಒತ್ತನ್ನು ತಾಳಬಲ್ಲವು, ಸೆಳೆತವನ್ನು ತಾಳಲಾರವು. ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳ ಮೇಲೆ ಒಳಕ್ಕೆ ಚಾಚಿದ ಭಾರವೇ ಆ ಹಿಗ್ಗುವಿಕೆಯನ್ನು ತಡೆದಿದೆಯೆಂದು ವಾಸ್ತುಜ್ಞರು ವಿವರಿಸುತ್ತಾರೆ.

ಮನಸ್ಸಿನ ಮಾತಿಗೆ ಬಂದರೆ, ಚಿಂತೆ, ಅಂಜಿಕೆ, ಕಾಳಜಿ, ತಳಮಳ ಎಂಬ ನಮ್ಮ ಬೇರೆ ಬೇರೆ ಶಬ್ದಗಳನ್ನೆಲ್ಲ ಇದೊಂದೇ ನುಂಗಿಬಿಟ್ಟಿದೆ. ಇದು ನಮಗೆ ಸರಿದೋರದು. ದ್ರಾಕ್ಷಿಯನ್ನು ಒಣಗಲು ಹರವಿದವನು ಅಕಾಲದ ಮೋಡ ಕಂಡು “ಟೆನ್ಶನ್ ಆಗೇದ” ಎಂದರೆ, ಮಳೆಯ ಅಂಜಿಕೆಯೋ, ಸಾಲದ ಚಿಂತೆಯೋ, ಎದೆಯ ನೋವೋ, ಮನೆಯಾಕೆ ತಿಳಿಯುವದೆಂತು? ಅಂಜಿಕೆಗೆ ಧೈರ್ಯ ಹೇಳಬಹುದು. ಸಾಲಕ್ಕೆ ಲೆಕ್ಕ ಮಾಡಬೇಕು. ಎದೆನೋವಿಗೆ ಆ ಗಳಿಗೆಯಲ್ಲಿಯೇ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ‘ಹೈ ಟೆನ್ಶನ್’ ತಂತಿ. ತಂತಿ ಎಷ್ಟು ಬಿಗಿದಿದೆಯೆಂದು ಅದರ ಅರ್ಥವಲ್ಲ. ಅದು ವಿದ್ಯುತ್ತಿನ ಒತ್ತಡ. ವೈದ್ಯರ ‘ಹೈಪರ್‌ಟೆನ್ಶನ್’ ಸಹ ಹೀಗೆಯೇ ರಕ್ತದ ಒತ್ತಡ. ಹೆಸರು ಕೇಳಿ ಮೋಸಹೋದ ಹಿರಿಯರು, “ನನಗ ಯಾವ ಟೆನ್ಶನ್ನೂ ಇಲ್ಲ, ಗುಳಿಗಿ ಯಾಕ ಬೇಕ್ರಿ?” ಎಂದು ಕೇಳುವದುಂಟು. ಶಾಂತಚಿತ್ತರಿಗೂ ಈ ರೋಗವಿರಬಲ್ಲದು. ಬಹುಮಂದಿಗೆ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಅಡಗಿದ್ದು, ಕಡೆಗೆ ಪಾರ್ಶ್ವವಾಯುವನ್ನೋ ಹೃದಯ, ಮೂತ್ರಪಿಂಡಗಳ ಕೇಡನ್ನೋ ತರುವದು. ತೋಳಿಗೆ ಪಟ್ಟಿ ಸುತ್ತಿ ಅಳೆದಾಗ ಬೇರೆ ಬೇರೆ ದಿನ 140/90 ಅಥವಾ ಅದಕ್ಕೂ ಮೇಲೆ ಬಂದರೆ ವೈದ್ಯರು ಇದನ್ನು ರೋಗವೆಂದೆಣಿಸುತ್ತಾರೆ. ಮನಸ್ಸು ಹಗುರಾಯಿತೆಂದು ಗುಳಿಗೆಯನ್ನು ತಾವಾಗಿ ಬಿಡಲಾಗದು.