ತಿಗರಿಗೆ ಹಾಕುವ ಮುನ್ನ ಮಣ್ಣಿನ ಪರೀಕ್ಷೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಊರು ದಾಟುವ ಮೊದಲೇ ಉದ್ಯಮಬಾಗದ ಕಾರ್ಖಾನೆಗಳು, 1979ರಲ್ಲಿ ಶುರುವಾದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ ಎದುರಾಗುತ್ತವೆ. ಇನ್ನಷ್ಟು ಮುಂದೆ ಮಚ್ಛೆಯ ಬಳಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ದಾರಿಯ ಕೊನೆಗೆ ಹೆಂಚು, ಮಡಕೆಗಳಿಗೆ ಹೆಸರಾದ ಖಾನಾಪುರ. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಇಲ್ಲಿಯೇ.

ಎರಕ ಹೊಯ್ಯುವವರಿಗೂ ಮಡಕೆ ಮಾಡುವವರಿಗೂ ಈಗ ಅಂತರ್ಜಾಲ ಬೇಕು. ಗಿರಾಕಿ ಕುಳಿತಲ್ಲಿಂದಲೇ ಮಾಲು ನೋಡಬೇಕು, ಆರ್ಡರ್ ಕೊಡಬೇಕು. ಅದಕ್ಕೆ ತಂತ್ರಾಂಶ ಕಟ್ಟುವುದು ಯಾವುದರ ಮೇಲೆ? ಎಂಜಿನಿಯರಿಂಗ್ ಓದಿದ ನಾಲ್ಕು ಹುಡುಗರನ್ನು ಕೇಳಿದರೆ ನಾಲ್ಕು ಹೆಸರು ಹೇಳುತ್ತಾರೆ. ಯಾವುದು ಒಳ್ಳೆಯದು ಎಂಬುದು ಅರ್ಧ ಪ್ರಶ್ನೆ. ಯಾರಿಗೆ ಒಳ್ಳೆಯದು ಎಂದೂ ಕೇಳಿದಾಗಲೇ ಅದು ಪೂರ್ತಿಯಾಗುವುದು.

ಹುಟ್ಟು ನೋಡಿ ಗುಣ

ಪ್ಲಾಟ್‌ಫಾರ್ಮ್ ಎಂದರೆ ಸಿದ್ಧ ಅಡಿಪಾಯ. ಲಾಗಿನ್, ಮಾಹಿತಿ ಸಂಗ್ರಹ, ಪುಟಗಳ ಜೋಡಣೆ ಇವನ್ನೆಲ್ಲ ಮೊದಲಿನಿಂದ ಬರೆಯುವ ಶ್ರಮವನ್ನು ಅದು ಉಳಿಸುತ್ತದೆ. ಪ್ರತಿಯೊಂದಕ್ಕೂ ಅದು ಹುಟ್ಟಿದ ಮನೆಯ ಗುಣ ಅಂಟಿಕೊಂಡಿದೆ.

1995ರಲ್ಲಿ ಹೊರಬಂದ ಪಿಎಚ್‌ಪಿ, ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ಪುಟ ನೋಡಿಕೊಳ್ಳಲು ಬರೆದ ಪುಟ್ಟ ಸಲಕರಣೆ. 2003ರ ವರ್ಡ್‌ಪ್ರೆಸ್, 2011ರ ವೂಕಾಮರ್ಸ್ ನಿಂತಿರುವುದು ಅದರ ಮೇಲೆ. ಅಗ್ಗದ ಸರ್ವರಿನಲ್ಲೂ ಓಡುತ್ತದೆ, ಬಲ್ಲವರು ಸುಲಭವಾಗಿ ಸಿಗುತ್ತಾರೆ. ಆದರೆ ಸೇರಿಸಿಕೊಂಡ ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ.

2005ರಲ್ಲಿ ಬಿಡುಗಡೆಯಾದ ಜ್ಯಾಂಗೊ ಹುಟ್ಟಿದ್ದು ಅಮೆರಿಕದ ಕಾನ್ಸಾಸ್‌ನ ಒಂದು ದಿನಪತ್ರಿಕೆಯ ಕಚೇರಿಯಲ್ಲಿ! ಗಂಟೆಗಳ ಲೆಕ್ಕದಲ್ಲಿ ಕೆಲಸ ಮುಗಿಸಬೇಕಾದ ಕಡೆ ಬೆಳೆದದ್ದರಿಂದ, ಸಿಬ್ಬಂದಿ ಮಾಹಿತಿ ತುಂಬುವ ಪುಟಗಳನ್ನು ಅದು ಬಹುಮಟ್ಟಿಗೆ ತಾನೇ ಸಿದ್ಧಪಡಿಸುತ್ತದೆ. 2009ರ ನೋಡ್, ಏಕಕಾಲಕ್ಕೆ ನೂರಾರು ಮಂದಿ ಸಂಪರ್ಕದಲ್ಲಿರುವ ಕೆಲಸಕ್ಕೆ ಹೇಳಿಸಿದ್ದು. 2002ರ ಡಾಟ್ ನೆಟ್ ಮೊದಲು ವಿಂಡೋಸಿಗೆ ಕಟ್ಟುಬಿದ್ದಿತ್ತು. 2016ರಿಂದ ಲಿನಕ್ಸ್‌ನಲ್ಲೂ ಓಡುತ್ತಿದೆ.

ಖಾನಾಪುರದ ಕುಂಬಾರರ ಒಂದು ಗುಂಪು ಮೂವತ್ತು ಬಗೆಯ ಮಡಕೆ, ಹೂಕುಂಡಗಳನ್ನು ಮಾರುತ್ತದೆ ಎಂದುಕೊಳ್ಳೋಣ. ಅದಕ್ಕೆ ಸಿದ್ಧ ಅಂಗಡಿಯಂಥ ವರ್ಡ್‌ಪ್ರೆಸ್ ಸಾಕು. ಉದ್ಯಮಬಾಗದ ಕಾರ್ಖಾನೆಯ ಮಾತು ಬೇರೆ. ನಕ್ಷೆ, ಎರಕ, ತಪಾಸಣೆ, ರವಾನೆ ಎಂದು ಪ್ರತಿ ಆರ್ಡರಿಗೂ ಹಲವು ಹಂತಗಳಿವೆ. ಆ ಲೆಕ್ಕ ಸಿದ್ಧ ಅಂಗಡಿಯ ಚೌಕಟ್ಟಿಗೆ ಒಗ್ಗದು. ಜ್ಯಾಂಗೊ ಅಥವಾ ಡಾಟ್ ನೆಟ್ ಮೇಲೆ ಹೊಸದಾಗಿ ಕಟ್ಟಿಸುವುದೇ ಲೇಸು.

ಕನ್ನಡದ ಒರೆಗಲ್ಲು

ಕುಂಬಾರ ಹಿಡಿ ಮಣ್ಣಿಗೆ ನೀರು ಚಿಮುಕಿಸಿ, ಎಳೆ ಹೊಸೆದು, ಬಗ್ಗಿಸಿದಾಗ ಬಿರಿಯುತ್ತದೆಯೇ ಎಂದು ನೋಡುತ್ತಾನೆ. ಇಲ್ಲಿಯೂ ಅಷ್ಟೇ. ಇಡೀ ಕೆಲಸ ಒಪ್ಪಿಸುವ ಮೊದಲು ಎರಡು ಪ್ಲಾಟ್‌ಫಾರ್ಮ್‌ಗಳಲ್ಲಿ ಒಂದೇ ಆರ್ಡರ್ ಫಾರಂ ಮಾಡಿಸಿ ನೋಡಬೇಕು.

ಮೊದಲ ಪರೀಕ್ಷೆ ಕನ್ನಡದ್ದು. ಇಂಗ್ಲಿಷಿನಲ್ಲಿ ‘ಖಾನಾಪುರ’ ಎಂದು ಬರೆಯಲು 8 ಬೈಟು ಸಾಕು. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡಕ್ಕೆ 21 ಬೇಕು. ಕಾಗುಣಿತದ ಚಿಹ್ನೆಯೂ ಸೇರಿ ಒಂದೊಂದಕ್ಕೆ ಮೂರು. ಬೈಟು ಎಣಿಸಿ 20ರ ಮಿತಿ ಹಾಕಿದ ಕಡೆ ಊರಿನ ಹೆಸರೇ ಹಿಡಿಸದು! ಬಿಲ್ಲನ್ನು ಪಿಡಿಎಫ್ ಮಾಡಿದಾಗ ‘ಕಿತ್ತೂರು’ ಎಂಬುದರ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುವುದೂ ಉಂಟು. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ನಡೆಯುವ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯದು ಮಳೆಗಾಲದ ಪರೀಕ್ಷೆ. ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಮೊಬೈಲ್ ಸಂಪರ್ಕ ದುರ್ಬಲ. ಫಾರಂ ತುಂಬುವಾಗ ನೆಟ್‌ವರ್ಕ್ ಹೋದರೆ ಬರೆದದ್ದು ಉಳಿಯುತ್ತದೆಯೇ? ಅಗ್ಗದ ಮೊಬೈಲಿನಲ್ಲಿ ಪುಟ ತೆರೆಯಲು ಎಷ್ಟು ಹೊತ್ತು? ಇದನ್ನು ಬೆಳಗಾವಿಯ ಕಚೇರಿಯಲ್ಲಿ ಕುಳಿತು ಅಳೆಯಲಾಗದು, ಹಳ್ಳಿಗೇ ಹೋಗಬೇಕು.

ಹೊರಬರುವ ದಾರಿ

ಮೂರನೆಯದನ್ನು ಮರೆಯುವವರೇ ಹೆಚ್ಚು. ಫೇಸ್‌ಬುಕ್ 2013ರಲ್ಲಿ ಕೊಂಡ ‘ಪಾರ್ಸ್’ ಎಂಬ ಸೇವೆಯ ಮೇಲೆ ಸಾವಿರಾರು ತಂತ್ರಾಂಶಗಳು ನಿಂತಿದ್ದವು. 2016ರ ಜನವರಿಯಲ್ಲಿ ಮುಚ್ಚುವ ಪ್ರಕಟಣೆ ಬಂತು, ಮರುವರ್ಷದ ಜನವರಿಯಲ್ಲಿ ಬಾಗಿಲು ಹಾಕಿತು. ‘ಹೆರೋಕು’ ತನ್ನ ಉಚಿತ ಸೇವೆಯನ್ನು 2022ರ ನವೆಂಬರಿನಲ್ಲಿ ನಿಲ್ಲಿಸಿತು. ಬಾಡಿಗೆ ಮನೆ ಬಿಡುವಾಗ ಪಾತ್ರೆ ಪಡಗ ನಮ್ಮದೇ ಆಗಿರಬೇಕಲ್ಲವೇ? ಗಿರಾಕಿಗಳ ಪಟ್ಟಿ, ಬಾಕಿಯ ಲೆಕ್ಕ ಎಲ್ಲವನ್ನೂ ಹೊರತೆಗೆದು ಬೇರೊಂದು ಗಣಕದಲ್ಲಿ ತೆರೆದು ನೋಡಬೇಕು. ತೆರೆದರೆ ಪಾಸು.

ಕರ್ನಾಟಕದ ಪಹಣಿಯೇ ಇದಕ್ಕೆ ಸಾಕ್ಷಿ. 2001ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕು ಕೇಂದ್ರದ ಗಣಕದಿಂದ ಪಹಣಿ ಸಿಗುವಂತಾಯಿತು. ಈಗ ಅದನ್ನು ಮನೆಯಲ್ಲೇ ಕುಳಿತು ನೋಡಬಹುದು. ತಲುಪಿಸುವ ವ್ಯವಸ್ಥೆ ಬದಲಾಯಿತು, ರೈತನ ಹೊಲದ ದಾಖಲೆ ಉಳಿಯಿತು.

ಕೊನೆಗೆ ಉಳಿಯುವುದು ಮನುಷ್ಯರ ಪ್ರಶ್ನೆ. ಕಟ್ಟಿಕೊಟ್ಟ ಹುಡುಗ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ರಿಪೇರಿ ಮಾಡುವವರು ಯಾರು? ಎರಡು ಪ್ಲಾಟ್‌ಫಾರ್ಮ್‌ಗಳು ಸರಿಸಮ ಎನಿಸಿದರೆ, ಬೆಳಗಾವಿಯಲ್ಲೇ ಇನ್ನಿಬ್ಬರಿಗೆ ಬರುವಂಥದ್ದನ್ನು ಆರಿಸುವುದು ಜಾಣತನ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ನಿಮಿಷ ಬಂದಾಗ ಫೋನ್ ಎತ್ತುವವರು ಹತ್ತಿರದಲ್ಲಿರಬೇಕು.