'ಸ್ಕ್ವೀಝ್' ಅಂದ್ರೆ ಬರೀ ಹಿಂಡೋದಲ್ಲ

ಇವತ್ತು ಒಂದೇ ಕ್ರಿಯಾಪದ: ಸ್ಕ್ವೀಝ್.

ಶಾಲೆಯಲ್ಲಿ ನಾವು ಕಲಿತ ಅರ್ಥ 'ಹಿಂಡು'. ನಿಂಬೆಹಣ್ಣಿಗೆ ಸರಿ. ಆದ್ರೆ ಒದ್ದೆ ಬಟ್ಟೆಯನ್ನ ತಿರುಚಿ ಹಿಂಡೋದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದ ಇದೆ, 'ರಿಂಗ್'. ಸ್ಪೆಲ್ಲಿಂಗ್ ಡಬ್ಲ್ಯೂನಿಂದ ಶುರು. ಸ್ಕ್ವೀಝ್‌ನಲ್ಲಿ ತಿರುಚೋದು ಬೇಕಿಲ್ಲ, ಒತ್ತಿದರೆ ಸಾಕು.

ಎರಡನೇ ಅರ್ಥವನ್ನ ಡೊಂಬಿವಲಿಯಲ್ಲಿ ಬೆಳಗ್ಗೆ ಫಾಸ್ಟ್ ಲೋಕಲ್ ಹತ್ತುವವರಿಗೆ ಹೇಳಿಕೊಡಬೇಕಿಲ್ಲ. ಜಾಗವೇ ಇಲ್ಲದ ಕಡೆ ಮೈ ಕುಗ್ಗಿಸಿ ತೂರಿಕೊಳ್ಳೋದು. 'ಐ ಗಾಟ್ ಇನ್‌ಟು ದ ಟ್ರೇನ್' ಅಂದ್ರೆ ಹತ್ತಿದೆ, ಅಷ್ಟೇ. 'ಐ ಸ್ಕ್ವೀಝ್ಡ್ ಇನ್‌ಟು ದ ಟ್ರೇನ್' ಅಂದ್ರೆ ಪಕ್ಕದವರ ಬ್ಯಾಗು ನಿಮ್ಮ ಪಕ್ಕೆಗೆ ಒತ್ತಿದ್ದೂ ಅದರಲ್ಲಿ ಸೇರುತ್ತೆ.

ಮೂರನೆಯದು ಆಫೀಸಿಂದು. ನಾನು ಐರೋಲಿಗೆ ಬಂದ ಹೊಸದರಲ್ಲಿ ಕ್ಲೈಂಟ್ ಒಬ್ಬರು ಕೇಳಿದ್ರು: 'ಕ್ಯಾನ್ ಯು ಸ್ಕ್ವೀಝ್ ದಿಸ್ ಇನ್?' ಚಿಕ್ಕ ಕೆಲಸ ಅಂದ್ಕೊಂಡು 'ಯೆಸ್' ಅಂದೆ. ಊರಿಗೆ ಮಾಡಿಸಿದ್ದ ಟಿಕೆಟ್ ಕ್ಯಾನ್ಸಲ್ ಆಯ್ತು. ಅಮ್ಮ ಫೋನಲ್ಲಿ 'ಪರವಾಗಿಲ್ಲಪ್ಪ' ಅಂದ್ರು.

ಪ್ಲಾನ್‌ನಲ್ಲಿ ಜಾಗ ಇಲ್ಲ ಅಂತ ಆ ಪದವೇ ಹೇಳ್ತಿತ್ತು, ನನಗೆ ಕೇಳಿಸಲಿಲ್ಲ. ಲೋಕಲ್‌ನಲ್ಲಿ ಇನ್ನೊಬ್ಬರು ತೂರಿದ್ರೆ ಯಾರಾದ್ರೂ ಸರೀಲೇಬೇಕು. ಅದಕ್ಕೆ ಈಗ ನನ್ನ ಉತ್ತರ: 'ಐ ಕ್ಯಾನ್ ಸ್ಕ್ವೀಝ್ ಇಟ್ ಇನ್, ಇಫ್ ವಿ ಮೂವ್ ದ ರಿಪೋರ್ಟ್ ಟು ಮಂಡೇ.' ಮುಂಚೆಯೇ ಹೇಳಿದ್ರೆ ಹೆಚ್ಚಿನವರು ಒಪ್ತಾರೆ.

ಈ ವಾಕ್ಯವನ್ನ ನಾಳೆ ಟ್ರೇನ್‌ನಲ್ಲಿ ಎರಡು ಸಲ ಹೇಳಿಕೊಳ್ಳಿ. ಮುಂದಿನ ವಿಡಿಯೋದಲ್ಲಿ ಸಿಗೋಣ.